ತೂಬು ಮುಚ್ಚುವವನಿಗೆ ಬರೆದ ಚೀಟಿ

ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಭರಚುಕ್ಕಿಯ ಸೊಬಗೋ, ಬಿಳಿಗಿರಿಯ ಕಾಡೋ, ನಮ್ಮೂರಿನ ರೇಷ್ಮೆಯೋ ಆಗಿದ್ದಿರಬೇಕು. ಅವುಗಳ ಮೇಲೆ ಹಿಂದಿನ ಸಂಚಿಕೆಗಳಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಗೆಳೆಯನೊಬ್ಬ, "ಇದು ಇಂಜಿನಿಯರಿಂಗ್ ಕಾಲೇಜಿನವರ ಪಾಡು, ಬಿ.ಎ. ಓದುವ ನಿನಗೇಕಯ್ಯ ಈ ಉಸಾಬರಿ?" ಎಂದು ನಕ್ಕ. ಅವನ ನಗೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶವೆಂದು ತಿಳಿದರೂ ತಪ್ಪಿಲ್ಲ.

ವಿಷಯವಿಷ್ಟು. ಇಂದು ಕೃತಕ ಬುದ್ಧಿಯ ಯಂತ್ರಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದಷ್ಟರಲ್ಲೇ ನಿಂತಿಲ್ಲ. ಹೇಳಿದ ಕೆಲಸವನ್ನು ತಾವೇ ಮಾಡುವ ಮಟ್ಟಕ್ಕೆ ಬಂದಿವೆ. ಹೀಗೆ ಕೆಲಸ ಮಾಡುವ ಯಂತ್ರಬುದ್ಧಿಗೆ ಏಜೆಂಟ್ ಎಂದು ಹೆಸರು. ಏಜೆಂಟರೆಂದರೆ ನಮ್ಮ ಕಡೆ ವಿಮೆಯವರೋ ಬಸ್ ನಿಲ್ದಾಣದವರೋ ನೆನಪಿಗೆ ಬರುತ್ತಾರೆ. ಇವನು ಕಣ್ಣಿಗೆ ಕಾಣದ ಏಜೆಂಟ. ಇವನ ಕೈಗೆ ಕೊಡುವ ಸಲಕರಣೆಗಳಲ್ಲಿ ಒಂದು, ಕ್ಲೌಡಿನಲ್ಲಿರುವ ಡೇಟಾಬೇಸನ್ನು ನಿಲ್ಲಿಸುವ ಸಲಕರಣೆ. ಆ ಸಲಕರಣೆಯ ಜೊತೆಗೆ, ಅದೇನು, ಯಾವಾಗ ಬಳಸಬೇಕು, ಬಳಸಿದರೆ ಏನಾಗುತ್ತದೆ ಎಂದು ತಿಳಿಸುವ ಒಂದು ಚಿಕ್ಕ ವಿವರಣೆಯನ್ನು ಯಾರಾದರೂ ಮನುಷ್ಯರು ಬರೆದಿಡಬೇಕು. ಅದನ್ನು ಹೇಗೆ ಬರೆಯಬೇಕು? ಇದೇ ಪ್ರಶ್ನೆ.

ಮೊದಲು ಕ್ಲೌಡಿನ ಮಾತು. ಕ್ಲೌಡ್ ಎಂದರೆ ಮೋಡವೆಂದು ನಿಘಂಟು ಹೇಳುತ್ತದೆ. ಮಾದಪ್ಪನ ಬೆಟ್ಟದ ನೆತ್ತಿಯ ಮೇಲೆ ನಿಲ್ಲುವ ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ನೆಲದ ಮೇಲೆಯೇ ಇರುವ, ಬಾಡಿಗೆಗೆ ದೊರೆಯುವ, ಸಾವಿರಾರು ಕಂಪ್ಯೂಟರುಗಳ ಕಟ್ಟಡ. ಅಮೆಜಾನ್ ಸಂಸ್ಥೆ ಇಂಥ ಕಟ್ಟಡಗಳ ನೆಲೆಯನ್ನು 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಡೇಟಾಬೇಸ್ ಎಂದರೆ ಅಲ್ಲಿ ಇಟ್ಟ ದೊಡ್ಡ ದಫ್ತರ: ಯಾರ ಹೆಸರಿಗೆ ಏನಿದೆ, ಯಾರು ಎಷ್ಟು ಕಟ್ಟಿದರು, ಯಾರಿಗೆ ಎಷ್ಟು ಬರಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಅದು ನಡೆಯುತ್ತಿರುವಷ್ಟು ಹೊತ್ತೂ ಬಾಡಿಗೆ ಏರುತ್ತಿರುತ್ತದೆ. ಆದ್ದರಿಂದ ಬೇಡವಾದಾಗ ನಿಲ್ಲಿಸುವುದು ಜಾಣತನ. ಆ ಜಾಣತನವನ್ನು ಏಜೆಂಟನಿಗೆ ಒಪ್ಪಿಸುವುದು ಈಚಿನ ರೂಢಿ.

ಏಜೆಂಟನು ಸಲಕರಣೆಯನ್ನು ಕಣ್ಣಿನಿಂದ ನೋಡುವುದಿಲ್ಲ, ಕೈಯಿಂದ ಮುಟ್ಟುವುದಿಲ್ಲ. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಎಂಬ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಒಂದು ಒಪ್ಪಂದದ ಕ್ರಮವನ್ನು ಹೊರಗಿಟ್ಟಿತು. ಏಜೆಂಟನಿಗೆ ಸಲಕರಣೆಗಳನ್ನು ಪರಿಚಯಿಸಲು ಈಗ ಅನೇಕರು ಬಳಸುವುದು ಇದನ್ನೇ. ಇದರಲ್ಲಿ ಪ್ರತಿಯೊಂದು ಸಲಕರಣೆಗೂ ಒಂದು ಹೆಸರು, ಒಂದು ವಿವರಣೆ, ತುಂಬಬೇಕಾದ ಅಂಶಗಳ ಪಟ್ಟಿ ಇರುತ್ತದೆ. ಏಜೆಂಟನ ಪಾಲಿಗೆ ಆ ಸಲಕರಣೆಯೆಂದರೆ ಅಷ್ಟೇ. ಹೊಸಬನಾದ ಗುಮಾಸ್ತನು ಪಕ್ಕದವರನ್ನು ಕೇಳಿಯಾನು, ಮೇಲಧಿಕಾರಿಯ ಮುಖ ನೋಡಿ ಕೈ ಹಿಂದೆಗೆದಾನು. ಏಜೆಂಟನಿಗೆ ನೋಡಲು ಮುಖವೇ ಇಲ್ಲ. ಬರೆದಿಟ್ಟ ನಾಲ್ಕು ಸಾಲೇ ಅವನಿಗೆ ಗುರು, ಹಿರಿಯ, ನೆರೆಹೊರೆ ಎಲ್ಲವೂ.

ನಮ್ಮ ಕೆರೆಗಳ ಕೆಳಗಿನ ಗದ್ದೆಯವರಿಗೆ ನೀರುಗಂಟಿಯ ಪರಿಚಯ ಉಂಟು. ತೂಬು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ. ಅವನು ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ. ಕೆರೆಯಲ್ಲಿ ನೀರು ಹಾಗೆಯೇ ಇರುತ್ತದೆ. ನಾಳೆ ತೆಗೆದರೆ ಮತ್ತೆ ಹರಿಯುತ್ತದೆ. ಏರಿ ಒಡೆದರೂ ಕೊನೆಗೆ ಕಾಲುವೆಯಲ್ಲಿ ನೀರು ನಿಲ್ಲುತ್ತದೆ. ಆದರೆ ಆ ನಿಲುಗಡೆಯೇ ಬೇರೆ. ಕಾಲುವೆಯ ತುದಿಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ: ನೀರು ಬರುತ್ತಿಲ್ಲ. ನೀರುಗಂಟಿಗೆ ಇವೆರಡರ ವ್ಯತ್ಯಾಸವನ್ನು ಯಾರೂ ಬರೆದು ಕೊಟ್ಟಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ಅವನು ಆ ಏರಿಯ ಮೇಲೆಯೇ ಬೆಳೆದವನು. ಏರಿಯನ್ನೇ ಕಾಣದವನ ಕೈಗೆ ತೂಬಿನ ಕೆಲಸ ಕೊಟ್ಟಾಗ ಮಾತ್ರ, ಬರೆದು ಕೊಡುವ ಚೀಟಿಯ ಪ್ರಶ್ನೆ ಹುಟ್ಟುತ್ತದೆ.

ಡೇಟಾಬೇಸಿನಲ್ಲೂ ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ನಿಲ್ಲಿಸುವುದರಲ್ಲೂ ಒಳಗುಟ್ಟುಗಳಿವೆ. ಅಮೆಜಾನಿನ ಆರ್‌ಡಿಎಸ್ ಎಂಬ ಸೇವೆಯಲ್ಲಿ ಒಂದು ಡೇಟಾಬೇಸನ್ನು ನಿಲ್ಲಿಸಿದರೆ ಆ ನಿಲುಗಡೆ ಸತತವಾಗಿ 7 ದಿನ ಮಾತ್ರ. ಆ ಬಳಿಕ ಅದು ತಾನಾಗಿಯೇ ಎದ್ದು ಕುಳಿತು ಬಾಡಿಗೆ ಎಣಿಸತೊಡಗುತ್ತದೆ. ನಿಂತಿರುವಾಗಲೂ ದಫ್ತರಕ್ಕೆ ಹಿಡಿದಿರುವ ಜಾಗದ ಬಾಡಿಗೆ ನಿಲ್ಲುವುದಿಲ್ಲ. ಅಳಿಸುವಾಗಲಾದರೋ, ಕೊನೆಯದಾಗಿ ಒಂದು ನಕಲನ್ನು ತೆಗೆದಿಡಬಹುದು. ನಕಲೂ ಬೇಡ, ತಾನಾಗಿ ತೆಗೆದಿಟ್ಟ ಬ್ಯಾಕಪ್ಪುಗಳೂ ಬೇಡ ಎಂದು ಹೇಳಿ ಅಳಿಸಿದರೆ, ಹಿಂದೆ ಯಾರಾದರೂ ಬೇರೆಯಾಗಿ ನಕಲು ತೆಗೆದಿಡದಿದ್ದ ಪಕ್ಷದಲ್ಲಿ, ಉಳಿಯುವುದು ಏನೂ ಇಲ್ಲ.

ಇನ್ನು ಪದಗಳ ಗೊಂದಲವನ್ನು ನೋಡಿ. ಗೂಗಲ್ಲಿನ ಕ್ಲೌಡ್ ಎಸ್‌ಕ್ಯುಎಲ್ ಎಂಬ ಸೇವೆಯಲ್ಲಿ ಡೇಟಾಬೇಸನ್ನು ನಿಲ್ಲಿಸಬೇಕಾದರೆ 'ಆಕ್ಟಿವೇಷನ್ ಪಾಲಿಸಿ' ಎಂಬ ಅಂಕಣದಲ್ಲಿ 'ನೆವರ್' ಎಂದು ಬರೆಯಬೇಕು. ನೆವರ್ ಎಂದರೆ ಇಂಗ್ಲಿಷಿನಲ್ಲಿ 'ಎಂದೆಂದಿಗೂ ಇಲ್ಲ'. ಇಲ್ಲಿ ಅದು ನಿದ್ದೆ ಮಾತ್ರ. 'ಆಲ್ವೇಸ್' ಎಂದು ಬದಲಿಸಿದೊಡನೆ ಎಚ್ಚರವಾಗುತ್ತದೆ. ಇನ್ನೊಂದು ಕಡೆ, ಡೇಟಾಬೇಸಿನ ಆಜ್ಞೆಗಳಲ್ಲಿ 'ಡ್ರಾಪ್' ಎಂಬುದೊಂದಿದೆ. ಕೈಯಿಂದ ಜಾರಿಬಿಡುವುದು ಎಂದು ಅದರ ಸಾಮಾನ್ಯ ಅರ್ಥ. ಜಾರಿ ಬಿದ್ದುದನ್ನು ಎತ್ತಿಕೊಳ್ಳಬಹುದೆಂದು ಯಾರಾದರೂ ತಿಳಿದಾರು. ಇಲ್ಲಿ ಅದು ನಾಮಾವಶೇಷ ಮಾಡುವ ಆಜ್ಞೆ. 'ಟ್ರಂಕೇಟ್' ಎಂದರೆ ತುದಿ ಕತ್ತರಿಸುವುದು. ಇಲ್ಲಿ ಅದು ಇಡೀ ಕೋಷ್ಟಕವನ್ನು ಬರಿದು ಮಾಡುವುದು. ಹೀಗೆ, ಭಯಂಕರವಾಗಿ ಕೇಳಿಸುವ ಪದ ಸಾಧು, ಸಾಧುವಾಗಿ ಕೇಳಿಸುವ ಪದ ಭಯಂಕರ! ಗೆಳೆಯನು ನಕ್ಕನಲ್ಲವೆ? ಪದದ ಅರ್ಥ ಇಷ್ಟು ಅಲುಗಾಡುವ ಎಡೆಯಲ್ಲಿ ಭಾಷೆ ಓದಿದವನಿಗೆ ಕೆಲಸವಿಲ್ಲವೆಂದು ಹೇಗೆ ಹೇಳುವುದು?

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಕಳೆದ ಸಲ ಊರಿಗೆ ಬಂದಾಗ ಅವನು ಹೇಳಿದ ಕಥೆಯೇ ನನ್ನನ್ನು ಈ ಯೋಚನೆಗೆ ಹಚ್ಚಿತು. ಅವನ ಕಂಪನಿಯಲ್ಲಿ ಖರ್ಚು ತಗ್ಗಿಸಲು ಒಬ್ಬ ಏಜೆಂಟನನ್ನು ನೇಮಿಸಿ, "ಬಳಕೆಯಲ್ಲಿಲ್ಲದ ಡೇಟಾಬೇಸುಗಳನ್ನು ನಿಲ್ಲಿಸು" ಎಂದು ಅಪ್ಪಣೆ ಮಾಡಿದರು. ಸಲಕರಣೆಯ ವಿವರಣೆಯನ್ನು ಬರೆದವನು ಅಣ್ಣನೇ. "ಡೇಟಾಬೇಸನ್ನು ನಿಲ್ಲಿಸುತ್ತದೆ" ಎಂಬ ಒಂದೇ ಸಾಲು. ಏಜೆಂಟನು ಹುಡುಕಿ, ಇಪ್ಪತ್ತು ದಿನಗಳಿಂದ ಯಾರೂ ಮುಟ್ಟದ ಒಂದನ್ನು ಕಂಡು, ನಿಲ್ಲಿಸಿದ. ಅದು ತಿಂಗಳ ಕೊನೆಯಲ್ಲಿ ಮಾತ್ರ ತೆರೆಯುವ ಸಂಬಳದ ಲೆಕ್ಕ! ಸಂಬಳದ ಹಿಂದಿನ ದಿನ ಅರ್ಧ ಹಗಲು ಎಲ್ಲರೂ ತಡಕಾಡಿದರು. ನಿಲ್ಲಿಸಿದ್ದೇ ಹೊರತು ಅಳಿಸಿರಲಿಲ್ಲವಾದ್ದರಿಂದ ಬದುಕಿದರು. ಈ ಕಥೆಯನ್ನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದ ನಮ್ಮ ದೊಡ್ಡಮ್ಮ, "ಅಲ್ಲ ಕಣಪ್ಪ, ಬಿತ್ತನೆ ರಾಗಿನೂ ಹತ್ತು ತಿಂಗಳು ಯಾರೂ ಮುಟ್ಟಲ್ಲ. ಅದಕ್ಕೇಂತ ಬೀಸೋಕೆ ಹಾಕ್ತೀಯ?" ಎಂದಳು. ಬಳಸದಿರುವುದು ಬೇರೆ, ಬೇಡವಾಗಿರುವುದು ಬೇರೆ. ದೊಡ್ಡಮ್ಮನ ಆ ಒಂದು ಮಾತು ಆ ವಿವರಣೆಯಲ್ಲಿದ್ದಿದ್ದರೆ ಅಂದು ಯಾರಿಗೂ ಕಷ್ಟವಿರಲಿಲ್ಲ.

ತಪ್ಪೆಲ್ಲ ಯಂತ್ರದ್ದೆಂದು ನಾನು ಹೇಳುತ್ತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಒಬ್ಬ ಇಂಜಿನಿಯರನು, ತಾನು ಎರಡನೆಯ ಕಂಪ್ಯೂಟರಿನಲ್ಲಿದ್ದೇನೆಂದು ತಿಳಿದು ಮೊದಲನೆಯದರ ಮೇಲೆ ಅಳಿಸುವ ಆಜ್ಞೆ ಕೊಟ್ಟುಬಿಟ್ಟ. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ತಡೆದರೂ, ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ. ಇದ್ದ ಬ್ಯಾಕಪ್ ಏರ್ಪಾಡುಗಳು ಕೈಕೊಟ್ಟವು. ಆರು ಗಂಟೆಗಳ ಹಿಂದೆ ಬೇರೆ ಕಾರಣಕ್ಕಾಗಿ ತೆಗೆದಿದ್ದ ಒಂದು ನಕಲು ಮಾನ ಕಾಪಾಡಿತು. ಆ ಸಂಸ್ಥೆ ನಡೆದುದನ್ನೆಲ್ಲ ಬಚ್ಚಿಡದೆ ಬರೆದು ಪ್ರಕಟಿಸಿತು. ಅದು ಮೆಚ್ಚತಕ್ಕ ನಡತೆ.

2025ರ ಜುಲೈಯಲ್ಲಿ ನಡೆದುದು ಏಜೆಂಟನದೇ ಕೃತ್ಯ. ಅಮೆರಿಕದ ಜೇಸನ್ ಲೆಮ್ಕಿನ್ ಎಂಬ ಉದ್ಯಮಿ ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟನನ್ನು ಬಳಸಿ ಒಂದು ತಂತ್ರಾಂಶವನ್ನು ಕಟ್ಟುತ್ತಿದ್ದರು. ಸದ್ಯಕ್ಕೆ ಏನನ್ನೂ ಬದಲಿಸಬೇಡವೆಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಏಜೆಂಟನು 1,200ಕ್ಕೂ ಹೆಚ್ಚು ಮಂದಿ ಅಧಿಕಾರಿಗಳ ವಿವರವಿದ್ದ ಡೇಟಾಬೇಸನ್ನು ಅಳಿಸಿದ. ಮಾತ್ರವಲ್ಲ, ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲವೆಂದೂ ಹೇಳಿದ, ನೋಡಿದರೆ ಸಾಧ್ಯವಿತ್ತು. ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನೂ ಬಳಕೆಯ ಡೇಟಾಬೇಸನ್ನೂ ಬೇರ್ಪಡಿಸುವ ಏರ್ಪಾಡನ್ನು ಪ್ರಕಟಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಸಣ್ಣದಲ್ಲ. "ಬೇಡವೆಂದು ಹೇಳಿದರೂ ಕೇಳದವನಿಗೆ ಎಷ್ಟು ಚೆನ್ನಾಗಿ ಬರೆದು ಕೊಟ್ಟರೇನು? ಚೀಟಿಯನ್ನು ಬಿಟ್ಟು ಬೀಗ ಹಾಕಿರಿ" ಎಂದು ಬಲ್ಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಮೇಲೆ ಹೇಳಿದ ಪ್ರೋಟೋಕಾಲಿನಲ್ಲೂ 'ಈ ಸಲಕರಣೆ ನಾಶಕಾರಿ' ಎಂದು ಗುರುತು ಹಾಕುವ ಸೌಕರ್ಯವಿದೆ. ಆದರೆ ಅದು ಸೂಚನೆಯೇ ಹೊರತು ಕಾವಲಲ್ಲವೆಂದು ಆ ಕ್ರಮವನ್ನು ರೂಪಿಸಿದವರೇ ಹೇಳಿದ್ದಾರೆ. ಬೀಗ ಬೇಕು, ನಿಜ. ಅಳಿಸದಂತೆ ತಡೆಯುವ ರಕ್ಷಣೆಯನ್ನು ಈ ಸೇವೆಗಳವರು ಇಟ್ಟೂ ಇದ್ದಾರೆ. ಆದರೆ ಬೀಗ ಹಾಕಿದ ಮೇಲೆ ಚೀಟಿ ಬೇಡವೆಂಬುದನ್ನು ನಾನು ಒಪ್ಪಲಾರೆ.

ಏಕೆಂದರೆ ಇದಕ್ಕೆ ಉತ್ತರ ನಮ್ಮ ಊರಿನ ಕಂಬದ ಮೇಲೆಯೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತೆಂಬುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹರಿಸುವ ವಿದ್ಯೆಯ ಜೊತೆಗೆ ನಿಲ್ಲಿಸುವ ವಿದ್ಯೆಯೂ ಬೆಳೆಯಿತೆಂಬುದನ್ನು ಮರೆಯುತ್ತೇವೆ. ಲೈನ್‌ಮನ್ನನು ಕಂಬ ಹತ್ತುವ ಮೊದಲು ವಿದ್ಯುತ್ ಕೇಂದ್ರದವರಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾನೆ. ಯಾವ ಲೈನು, ಯಾರು ಕೇಳಿದರು, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ದಾಖಲಾಗುತ್ತದೆ. ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಿದ ಮೇಲೆಯೇ ಮತ್ತೆ ವಿದ್ಯುತ್ತು ಹರಿಯತಕ್ಕದ್ದು. ಇಲ್ಲಿ ಸ್ವಿಚ್ಚೂ ಇದೆ, ಬರಹವೂ ಇದೆ. ಬರಹವಿಲ್ಲದ ಸ್ವಿಚ್ಚು, ಮೇಲೆ ಒಬ್ಬನಿದ್ದಾನೆಂಬುದನ್ನು ತಿಳಿಯದು. ಸ್ವಿಚ್ಚಿಲ್ಲದ ಬರಹ, ಅವನನ್ನು ಉಳಿಸದು. ಎರಡರಲ್ಲಿ ಒಂದು ತಪ್ಪಿದರೂ ಕಂಬದ ಮೇಲಿರುವವನ ಜೀವಕ್ಕೆ ಸಂಚಕಾರ.

ಹಾಗಾದರೆ ಆ ಚೀಟಿಯಲ್ಲಿ ಏನಿರಬೇಕು? ನನ್ನ ಅಲ್ಪ ಮತಿಗೆ ತೋಚಿದುದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಹಿಂದಕ್ಕೆ ಬರುವುದೇ ಬರುವುದಿಲ್ಲವೇ ಎಂಬುದು ಮೊದಲ ಸಾಲಿನಲ್ಲಿಯೇ ಇರಬೇಕು. 'ನಿಲ್ಲಿಸುತ್ತದೆ, ದಾಖಲೆ ಉಳಿಯುತ್ತದೆ, 7 ದಿನಗಳ ಬಳಿಕ ತಾನಾಗಿ ಏಳುತ್ತದೆ' ಎಂದೋ, 'ಅಳಿಸುತ್ತದೆ, ನಕಲಿಲ್ಲದಿದ್ದರೆ ಮರಳಿ ಬಾರದು' ಎಂದೋ ಸ್ಪಷ್ಟವಾಗಿ ಬರೆಯಬೇಕು. ಎರಡು ಕೆಲಸಗಳನ್ನು ಒಂದೇ ಸಲಕರಣೆಯಲ್ಲಿ ಸೇರಿಸಲೇಬಾರದು. ತೂಬಿಗೂ ಏರಿಗೂ ಒಂದೇ ಹಿಡಿ ಇರಬಹುದೆ?

ಎರಡನೆಯದಾಗಿ, ಯಾವಾಗ ಬಳಸಬಾರದು ಎಂಬುದನ್ನು, ಯಾವಾಗ ಬಳಸಬೇಕು ಎಂಬುದಕ್ಕಿಂತ ವಿವರವಾಗಿ ಹೇಳಬೇಕು. ಬಿತ್ತನೆ ರಾಗಿಯ ಮಾತು ಇಲ್ಲಿ ಬರತಕ್ಕದ್ದು.

ಮೂರನೆಯದಾಗಿ, ಯಾರನ್ನು ಕೇಳಬೇಕೆಂಬುದು ಇರಬೇಕು. 'ಅಗತ್ಯವಿದ್ದಲ್ಲಿ ಒಪ್ಪಿಗೆ ಪಡೆಯಿರಿ' ಎಂದರೆ ಸಾಲದು. ಅಗತ್ಯವಿಲ್ಲವೆಂದು ಏಜೆಂಟನೇ ತೀರ್ಮಾನಿಸಿಬಿಟ್ಟಾನು. ಡೇಟಾಬೇಸಿನ ಪೂರ್ತಿ ಹೆಸರನ್ನು ಹೇಳಿ, ಅದರ ಹೊಣೆಗಾರನಾದ ಮನುಷ್ಯನ ಒಪ್ಪಿಗೆ ಬರುವವರೆಗೆ ಕಾಯತಕ್ಕದ್ದು ಎಂದಿರಬೇಕು. ಆ ಒಪ್ಪಿಗೆಯಿಲ್ಲದೆ ಸಲಕರಣೆ ಓಡದಂತೆ ಬೀಗವೂ ಇರಬೇಕು.

ನಾಲ್ಕನೆಯದಾಗಿ, ತಪ್ಪಿದರೆ ಏನು ಮಾಡಬೇಕೆಂಬ ದಾರಿಯನ್ನು ತೋರಿಸಬೇಕು. ಅದರಲ್ಲಿ ಮುಖ್ಯವಾದುದು, ಮತ್ತೇನನ್ನೂ ಮುಟ್ಟದೆ ನಡೆದುದನ್ನು ನಡೆದಂತೆ ವರದಿ ಮಾಡುವುದು. ತಪ್ಪು ಮಾಡಿದವನು ಗಾಬರಿಯಲ್ಲಿ ಮಾಡುವ ಎರಡನೆಯ ಕೆಲಸವೇ ಮೊದಲನೆಯದಕ್ಕಿಂತ ಹೆಚ್ಚು ಹಾಳು ಮಾಡುತ್ತದೆ.

ಕೊನೆಯದಾಗಿ, ಚೀಟಿಯನ್ನು ಬರೆದವರು ಯಾರು, ಕಡೆಯ ಸಲ ಯಾವಾಗ ಸರಿನೋಡಿದರು ಎಂಬುದು ಕೆಳಗೆ ಇರಬೇಕು. ಸೇವೆಗಳ ನಿಯಮಗಳು ಬದಲಾಗುತ್ತಿರುತ್ತವೆ. ಹಳೆಯ ಪಂಚಾಂಗ ನೋಡಿ ಹೊಸ ಮುಹೂರ್ತ ಇಡಲಾಗದು.

ಇದೆಲ್ಲ ಬೆಂಗಳೂರಿನವರ ಚಿಂತೆ, ನಮಗೇನು ಎನ್ನುವವರಿಗೆ ಒಂದು ಮಾತು. ದಾಖಲೆಯ ಬೆಲೆ ಏನೆಂದು ನಮ್ಮ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದದ್ದು, ಮೈಸೂರಿನ ಸೀಮೆ. ಆಚೆ ಒಂದು ಹೊಲ, ಈಚೆ ಒಂದು ಗದ್ದೆ ಇದ್ದವನಿಗೆ ಎರಡು ಸರ್ಕಾರ, ಎರಡು ಕಚೇರಿ. ಈಚೆಗೆ ಹನೂರು ಬೇರೆ ತಾಲ್ಲೂಕಾಯಿತು. ಗಡಿ ಬದಲಾದಾಗಲೆಲ್ಲ ಜನರ ಕೈ ಹಿಡಿದದ್ದು ಕಾಗದ. ಆ ಕಾಗದ ಈಗ ಕಾಗದವಾಗಿ ಉಳಿದಿಲ್ಲ. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ರಾಮನಗರದಂಥ ಮಾರುಕಟ್ಟೆಗಳಲ್ಲಿ ರೇಷ್ಮೆಗೂಡಿನ ಹರಾಜೂ ಕಂಪ್ಯೂಟರಿನ ಮೂಲಕವೇ. ಇವನ್ನೆಲ್ಲ ಇಂದು ಏಜೆಂಟನ ಕೈಗೆ ಕೊಟ್ಟಿದ್ದಾರೆಂದು ನಾನು ಹೇಳುತ್ತಿಲ್ಲ. ಆದರೆ ನಾಳೆ ಎಲ್ಲಿಯಾದರೂ ಒಂದು ಮಾರುಕಟ್ಟೆಯ ಲೆಕ್ಕವನ್ನು 'ಈ ವಾರ ಬಳಕೆಯಿಲ್ಲ' ಎಂದು ಯಾರೋ ನಿಲ್ಲಿಸಿದರೆಂದು ಇಟ್ಟುಕೊಳ್ಳಿ. ಗೂಡು ಕಾಯುವುದಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲು ಬಿಚ್ಚುವುದಿಲ್ಲ. ಹನೂರಿನ ಕಡೆಯಿಂದ ಸಾಲ ಮಾಡಿ ಗೂಡು ಹೊತ್ತು ತಂದವನಿಗೆ ಅದು ತಾಂತ್ರಿಕ ದೋಷವಲ್ಲ, ಮನೆಯ ಊಟ.

ಮತ್ತೊಂದು ವಿಚಾರ. ಈ ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ, ಸದ್ಯಕ್ಕೆ ಇರಲಿ. ಆದರೆ ದಫ್ತರದ ಹೊಣೆ ಹೊತ್ತು ಒಪ್ಪಿಗೆ ಕೊಡಬೇಕಾದ ಮನುಷ್ಯನು ನಮ್ಮ ತಾಲ್ಲೂಕಿನವನಾದರೆ, ಅವನ ಮುಂದೆ ಬರುವ ಪ್ರಶ್ನೆ ಕನ್ನಡದಲ್ಲಿರಬೇಡವೆ? ಅರ್ಥವಾಗದ ಪ್ರಶ್ನೆಗೆ 'ಆಗಲಿ' ಎಂದು ಒತ್ತುವುದು ಒಪ್ಪಿಗೆಯಲ್ಲ, ಹೆಬ್ಬೆಟ್ಟು. ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿ ಕಳೆದುಕೊಂಡ ಹೊಲಗಳ ಕಥೆ ಈ ಸೀಮೆಯಲ್ಲಿ ಯಾವ ಮನೆಯಲ್ಲಿಲ್ಲ?

ಸಹಪಾಠಿಗಳೆ, ನಮ್ಮ ಅಧ್ಯಾಪಕರು ಸಾರಲೇಖನ ಬರೆಯಿಸುವಾಗ, "ಒಂದು ಪದ ಹೆಚ್ಚಾದರೆ ಅಂಕ ಹೋಗುತ್ತದೆ, ಒಂದು ಪದ ಕಡಿಮೆಯಾದರೆ ಅರ್ಥ ಹೋಗುತ್ತದೆ" ಎಂದು ಎಚ್ಚರಿಸುವುದುಂಟು. ನಾವು ಬೇಸರದಿಂದ ಆಕಳಿಸುತ್ತ ಕೇಳಿದ್ದೇವೆ. ಈ ಕಾಲದಲ್ಲಿ ಆ ಪಾಠಕ್ಕೆ ಹೊಸ ಗಿರಾಕಿ ಬಂದಿದ್ದಾನೆ: ಬರೆದುದನ್ನು ಬರೆದಂತೆ ಓದುವ, ಬರೆಯದುದನ್ನು ತಾನೇ ಊಹಿಸುವ, ಒಂದು ಕ್ಷಣದಲ್ಲಿ ನೂರು ತೂಬು ಮುಚ್ಚಬಲ್ಲ ನೀರುಗಂಟಿ. ಬೀಗ ಮಾಡುವ ಕೆಲಸ ಇಂಜಿನಿಯರುಗಳದಿರಬಹುದು. ಚೀಟಿ ಬರೆಯುವ ಕೆಲಸದಲ್ಲಿ ನಮಗೂ ಪಾಲಿದೆ. ನಮ್ಮ ಕಾಲೇಜಿನ ಕನ್ನಡ ಸಂಘವೂ ಗಣಕ ವಿಭಾಗವೂ ಕೂಡಿ, ಇಂಥ ಹತ್ತು ವಿವರಣೆಗಳನ್ನು ಕನ್ನಡದಲ್ಲಿ ಬರೆದು ನೋಡುವ ಒಂದು ಪ್ರಯತ್ನವನ್ನು ಬರುವ ವರ್ಷ ಕೈಕೊಳ್ಳಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಯಪೂರ್ವಕ ಬಿನ್ನಹ. ಬರೆದುದನ್ನು ಮೊದಲು ನಮ್ಮ ದೊಡ್ಡಮ್ಮನಿಗೆ ಓದಿ ಹೇಳೋಣ. ಅವಳಿಗೆ ತಿಳಿದರೆ, ಏಜೆಂಟನಿಗೂ ತಿಳಿದೀತು.